ಗದಗಕ್ಕೆ ಒಂದೇ ದಿನ ಬಂದರೆ ಏನು ನೋಡಬೇಕು?

‘ಒಂದ ದಿನ ಐತಿ, ಗದಗದಾಗ ಏನೇನ್ ನೋಡಬೇಕ್ರೀ?’ ಹುಬ್ಬಳ್ಳಿ-ಧಾರವಾಡ ಕಡೆಯ ಗೆಳೆಯರು ಕೇಳೋದು ಇದನ್ನೇ. ಬೆಂಗಳೂರಿನಿಂದ ಹಂಪಿಗೆ ಹೊರಟವರೂ ದಾರಿಯಲ್ಲಿ ಇದನ್ನೇ ಕೇಳುತ್ತಾರೆ. ಕೇಳುವಾಗಲೇ ಅವರ ಹತ್ತಿರ ಒಂದು ಪಟ್ಟಿ ಇರುತ್ತದೆ: ತ್ರಿಕೂಟೇಶ್ವರ, ವೀರನಾರಾಯಣ, ಲಕ್ಕುಂಡಿ, ಡಂಬಳ, ಇಟಗಿ, ಲಕ್ಷ್ಮೇಶ್ವರ. ಎಲ್ಲಾ ಒಂದೇ ದಿನಕ್ಕೆ!

ನನ್ನ ಉತ್ತರ ಪ್ರತಿ ಸಲವೂ ಅದೇ. ಅರ್ಧ ಪಟ್ಟಿ ಬಿಡಿ. ಊರೊಳಗಿನ ಎರಡು ಗುಡಿ, ವೀರೇಶ್ವರ ಪುಣ್ಯಾಶ್ರಮ, ಮಧ್ಯಾಹ್ನದ ಮೇಲೆ ಲಕ್ಕುಂಡಿ. ಇಷ್ಟು ಸಾಕು. ಚಂದದ ಕೆತ್ತನೆ ನೋಡೋದೇ ಆಸೆ ಆಗಿದ್ದರೆ ಬಾದಾಮಿ, ಪಟ್ಟದಕಲ್ಲು, ಹಳೇಬೀಡು ಎಲ್ಲಾ ಇವೆ. ಗದಗಕ್ಕೆ ಬರಬೇಕಾದ್ದು ಇನ್ನೊಂದು ಕಾರಣಕ್ಕೆ. ಇದು ಕನ್ನಡ ಓದುವವರ ಯಾತ್ರೆಯ ಊರು. ಹಾಗಂತ ನಾನು ಮನಸಾರೆ ನಂಬಿದ್ದೇನೆ.

ಬೆಳಿಗ್ಗೆ ಬೇಗ ತ್ರಿಕೂಟೇಶ್ವರದಿಂದ ಶುರು ಮಾಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳೆದ ಗುಡಿ ಇದು. ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಪೂಜೆ ನಡೆಯುತ್ತದೆ. ಆ ಕಾಲದಲ್ಲಿ ಇದು ಕಾಳಾಮುಖ ಶೈವರ ದೊಡ್ಡ ಕೇಂದ್ರವಾಗಿತ್ತು. ಇಲ್ಲಿನ ಶಾಸನಗಳಲ್ಲಿ ನನಗೆ ಬಹಳ ಹಿಡಿಸಿದ ಎರಡಿವೆ. 1191ರಲ್ಲಿ ದೇವಗಿರಿಯ ಸೇವುಣ ಅರಸ ಭಿಲ್ಲಮ ಈ ದೇವರಿಗೆ ದಾನ ಕೊಟ್ಟ. 1192ರಲ್ಲಿ, ಅವನ ಸೇನೆಯನ್ನು ಸೋಲಿಸಿ ಈ ಸೀಮೆ ಹಿಡಿದ ಹೊಯ್ಸಳ ವೀರಬಲ್ಲಾಳನೂ ಇದೇ ದೇವರಿಗೆ ದಾನ ಕೊಟ್ಟ. ಸುತ್ತಲೂ ಯುದ್ಧ ನಡೆದಿದೆ, ರಾಜ್ಯ ಕೈ ಬದಲಾಗಿದೆ. ಗುಡಿಯ ದೀಪಕ್ಕೆ ಎಣ್ಣೆ ಮಾತ್ರ ಎರಡೂ ಕಡೆಯಿಂದ ಬಂದಿದೆ.

ಅದೇ ಆವರಣದಲ್ಲಿ ಸರಸ್ವತಿ ಗುಡಿ ಇದೆ. ‘ಮೂರ್ತಿ ಭಗ್ನ ಆಗಿದೆಯಂತೆ, ಯಾಕೆ ನೋಡಬೇಕು?’ ಅಂತ ಕೆಲವರು ಕೇಳುತ್ತಾರೆ. ಮೂರ್ತಿ ಭಗ್ನವಾಗಿರುವುದು ನಿಜ. ಆದರೂ ಹೋಗಿ, ಕಂಬಗಳ ಹತ್ತಿರ ನಿಲ್ಲಿ. ಕೆಲವು ಕಂಬ ನುಣುಪಾಗಿ ಕಡೆದವು. ಕೆಲವಕ್ಕೆ ಬುಡದಿಂದ ತುದಿಯವರೆಗೆ ಸಣ್ಣ ಸಣ್ಣ ಕೆತ್ತನೆ. ಪಕ್ಕದ ಕಂಬಕ್ಕಿಂತ ತನ್ನದು ಬೇರೆ ಇರಬೇಕು ಅಂತ ಪ್ರತಿಯೊಬ್ಬ ಶಿಲ್ಪಿಯೂ ಹಟ ಹಿಡಿದ ಹಾಗೆ ಕಾಣುತ್ತದೆ.

ಅಲ್ಲಿಂದ ವೀರನಾರಾಯಣ ಗುಡಿಗೆ ಬನ್ನಿ. ದಿನದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿಗೇ. ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಎಂದು ಹೇಳುತ್ತಾರೆ. ಆಮೇಲಿನವರೂ ಸೇರಿಸುತ್ತಾ ಬಂದಿದ್ದಾರೆ. ಬಾಗಿಲ ಗೋಪುರ ನೋಡಿದರೆ ವಿಜಯನಗರದ ಕೈ ಗೊತ್ತಾಗುತ್ತದೆ. ಆದರೆ ಕಟ್ಟಡದ ಮಾತು ಆಮೇಲೆ. ರಂಗಮಂಟಪದಲ್ಲಿ ಒಂದು ಕಂಬವಿದೆ. ಕುಮಾರವ್ಯಾಸ ಆ ಕಂಬಕ್ಕೆ ಒರಗಿ ಕೂತು ಭಾರತ ಬರೆದ ಎಂಬುದು ಊರಿನ ನಂಬಿಕೆ. ಹತ್ತಿರ ಹೋಗಿ ಕೇಳಿ, ಯಾರಾದರೂ ತೋರಿಸುತ್ತಾರೆ.

ಕುಮಾರವ್ಯಾಸನ ನಿಜವಾದ ಹೆಸರು ನಾರಣಪ್ಪ. ಕೋಳಿವಾಡದವನು. ಕಾಲ ಸುಮಾರು 15ನೇ ಶತಮಾನ. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಬಟ್ಟೆ ಆರುವ ತನಕ ಪದ್ಯ ಹೊಳೆಯುತ್ತಿತ್ತಂತೆ. ಆರಿದರೆ ಅವತ್ತಿನ ಬರವಣಿಗೆ ಮುಗಿಯಿತು. ಇದು ಕಥೆ, ಇರಲಿ. ಕಾವ್ಯದಲ್ಲಿ ಅವನೇ ಹೇಳಿಕೊಂಡ ಮಾತು ಇನ್ನೂ ದೊಡ್ಡದು: ಕವಿ ವೀರನಾರಾಯಣ, ತಾನು ಬರೆದುಕೊಂಡವನು ಅಷ್ಟೇ. ಅಂಕಿತವೂ ಗದುಗಿನ ವೀರನಾರಾಯಣನೇ. ಅದಕ್ಕೇ ಜನ ಆ ಕಾವ್ಯವನ್ನು ಗದುಗಿನ ಭಾರತ ಅಂತ ಕರೆಯೋದು. ಭಾಮಿನಿ ಷಟ್ಪದಿಯಲ್ಲಿ ಹತ್ತು ಪರ್ವ. ಓದು ಬಾರದ ಮನೆಗಳಲ್ಲೂ ಗಮಕಿಗಳ ಬಾಯಲ್ಲಿ ಅದು ಬದುಕಿತು. ಒಂದು ಊರಿನ ಹೆಸರು ಹೊತ್ತ ಇಷ್ಟು ದೊಡ್ಡ ಕಾವ್ಯ ನಮ್ಮಲ್ಲಿ ಇನ್ನೆಷ್ಟಿವೆ, ಹೇಳಿ?

ಅದಕ್ಕೇ ಬರುವವರಿಗೆ ಒಂದು ಮಾತು ಹೇಳುತ್ತೇನೆ. ಬರುವ ಮುಂಚೆ ನಾಲ್ಕು ಪದ್ಯ ಓದಿಕೊಂಡು ಬನ್ನಿ. ಅರ್ಥ ಪೂರ್ತಿ ಆಗದಿದ್ದರೂ ಪರವಾಗಿಲ್ಲ. ಆ ಕಂಬದ ಹತ್ತಿರ ಮೆಲ್ಲಗೆ ಹೇಳಿಕೊಳ್ಳಿ. ಇಲ್ಲದಿದ್ದರೆ ಅದೂ ಎಲ್ಲಾ ಕಂಬಗಳ ಹಾಗೆ ಸುಮ್ನೆ ಒಂದು ಕಂಬ.

ಊಟದ ಹೊತ್ತಿಗೆ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ. ಇದು ಹಳೆಯ ಗುಡಿ ಅಲ್ಲ, ಆದ್ದರಿಂದ ಪ್ರವಾಸದ ಪಟ್ಟಿಯವರು ಇದನ್ನು ಬಿಡುತ್ತಾರೆ. ನನಗೆ ಬೇಸರವಾಗೋದು ಇಲ್ಲೇ. ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಕಣ್ಣು ಕಾಣದವರು. ಅಂಧ ಮಕ್ಕಳನ್ನೂ ಬಡ ಮಕ್ಕಳನ್ನೂ ಸೇರಿಸಿ ಸಂಗೀತ ಕಲಿಸಿದರು. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಇವರ ಶಿಷ್ಯರೇ. ಪಂಚಾಕ್ಷರಿ ಗವಾಯಿಗಳ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣು ಕಾಣುತ್ತಿರಲಿಲ್ಲ. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿ ಕಟ್ಟಿದರು. ಭಕ್ತರು ಮಾಡುತ್ತಿದ್ದ ತುಲಾಭಾರದ ಹಣವೂ ಆಶ್ರಮಕ್ಕೇ ಹೋಗುತ್ತಿತ್ತು. ಇಬ್ಬರ ಗದ್ದುಗೆಯೂ ಇಲ್ಲೇ ಇದೆ. ಪ್ರಸಾದಕ್ಕೆ ಕೂತಾಗ ಪಕ್ಕದ ಕೋಣೆಯಲ್ಲಿ ಯಾರೋ ಹುಡುಗ ಸಾ ಹಿಡಿದು ಕೂತಿದ್ದರೆ ಅವಸರ ಮಾಡಬೇಡಿ. ಕೇಳಿ.

ಆಮೇಲೆ ಲಕ್ಕುಂಡಿ. ಹೊಸಪೇಟೆ ರಸ್ತೆಯಲ್ಲಿ ಸುಮಾರು 12 ಕಿಲೋಮೀಟರ್, ಬಸ್ಸೂ ಸಿಗುತ್ತದೆ. ಹಳೆಯ ಹೆಸರು ಲೊಕ್ಕಿಗುಂಡಿ, ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇದ್ದ ಊರು. ‘ನೂರೊಂದು ಗುಡಿ, ನೂರೊಂದು ಬಾವಿ’ ಅಂತ ಜನ ಹೇಳುತ್ತಾರೆ. ನೂರೊಂದನ್ನೂ ಹುಡುಕಿಕೊಂಡು ತಿರುಗಬೇಡಿ. ಮೊದಲು ಬ್ರಹ್ಮ ಜಿನಾಲಯಕ್ಕೆ ಹೋಗಿ. 1007ರಲ್ಲಿ ಇದನ್ನು ಕಟ್ಟಿಸಿದವಳು ಅತ್ತಿಮಬ್ಬೆ.

ಈ ಹೆಣ್ಣುಮಗಳ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಗಂಡ ನಾಗದೇವ ತೀರಿಕೊಂಡ ಮೇಲೆ ತನ್ನ ಸಂಪತ್ತನ್ನೆಲ್ಲ ಧರ್ಮಕ್ಕೆ, ಅಕ್ಷರಕ್ಕೆ ಹಾಕಿದಳು. ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಇವಳ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣ ಉಳಿಯಬೇಕು ಅಂತ ಅದರ 1000 ಪ್ರತಿ ಮಾಡಿಸಿ ಹಂಚಿದಳು ಎನ್ನುತ್ತಾರೆ. ಅಚ್ಚು ಇಲ್ಲದ ಕಾಲ, ಒಂದೊಂದು ಪ್ರತಿಯನ್ನೂ ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯಬೇಕು. ಯಾವ ಅರಸನಿಗೂ ಹೊಳೆಯದ ದಾನ ಇದು, ಅಲ್ವಾ? ಈಗ ಸರ್ಕಾರ ಲೇಖಕಿಯರಿಗೆ ಕೊಡುವ ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಇವಳ ಹೆಸರಿನದೇ. ಜಿನಾಲಯದ ಮಂಟಪದಲ್ಲಿ ನಾಲ್ಕು ಮುಖದ ಬ್ರಹ್ಮನ ಮೂರ್ತಿಯನ್ನು ಎಲ್ಲರೂ ನೋಡುತ್ತಾರೆ. ಅತ್ತಿಮಬ್ಬೆಯನ್ನು ನೆನೆದು ಒಂದು ಗಳಿಗೆ ಕೂರುವವರು ಕಡಿಮೆ.

ಹೊತ್ತಿದ್ದರೆ ಕಾಶಿವಿಶ್ವನಾಥ ಗುಡಿ ನೋಡಿ. ಶಿವನ ಎದುರಿಗೇ ಸೂರ್ಯನ ಗುಡಿ ಇರೋದು ಅದರ ವಿಶೇಷ. ಬಾಗಿಲವಾಡದ ಕೆತ್ತನೆಯನ್ನೂ ನೋಡಿ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಗೆ ಮೂರು ಕಡೆಯಿಂದ ಮೆಟ್ಟಿಲು. ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳು. ಮಕ್ಕಳಿದ್ದರೆ ಕೈ ಹಿಡಿದುಕೊಂಡೇ ಇಳಿಸಿ.

‘ಹಾಗಾದರೆ ಡಂಬಳ ಬೇಡವೇ?’ ಬೇಕು, ಆದರೆ ರಾತ್ರಿ ಗದಗದಲ್ಲಿ ಉಳಿದು ಮರುದಿನ ಹೋಗಿ. ಅಲ್ಲಿನ ದೊಡ್ಡಬಸಪ್ಪನ ಗುಡಿ ನಕ್ಷತ್ರದ ಆಕಾರದ್ದು. ಹೊರಗೋಡೆ ಮೂಲೆ ಮೂಲೆಯಾಗಿ ತಿರುಗುತ್ತಾ ಹೋಗುತ್ತದೆ. ಸುತ್ತು ಹಾಕಿ ನೋಡಿದರೇ ಅದು ತಿಳಿಯೋದು. ಅದೇ ಊರಿನಲ್ಲಿ 1095ರಲ್ಲಿ ಬೌದ್ಧರ ತಾರಾದೇವಿಗೆ ವಿಹಾರ ಇತ್ತೆಂದು ಶಾಸನ ಹೇಳುತ್ತದೆ. ಇಟಗಿ, ಲಕ್ಷ್ಮೇಶ್ವರ ಒಂದೊಂದು ದಿಕ್ಕಿಗೆ ಇವೆ. ಅವಕ್ಕೆ ಬೇರೆ ಸಲ ಬನ್ನಿ. ಬರುವ ಮುಂಚೆ ತಿಳಿಸಿದರೆ ನಾನೂ ಜೊತೆಗೆ ಬರುತ್ತೇನೆ.