ಏನೂ ಹಾಕದ ಸ್ಲೈಡ್

ಶ್ವಾಸಕೋಶದ ರಕ್ತನಾಳಗಳಲ್ಲಿ ಡೋಪಮೈನ್ ರಿಸೆಪ್ಟರ್‌ಗಳು (ಡೋಪಮೈನ್ ಬಂದು ಅಂಟುವ, ಕೋಶದ ಪ್ರೋಟೀನ್‌ಗಳು) ಎಲ್ಲೆಲ್ಲಿ ಇವೆ ಎಂದು ಗುರುತಿಸುವುದು ಲ್ಯಾಬ್‌ನಲ್ಲಿ ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಡೋಪಮೈನ್ ಅಂದರೆ ಎಲ್ಲರಿಗೂ ಮಿದುಳೇ ನೆನಪಾಗುತ್ತದೆ, ಅಲ್ವಾ? ಆದರೆ ಶಾಕ್‌ನಲ್ಲಿರುವ, ಅಂದರೆ ರಕ್ತದೊತ್ತಡ ಕುಸಿದ, ರೋಗಿಗೆ ಅದನ್ನು ಡ್ರಿಪ್‌ನಲ್ಲೂ ಕೊಡುತ್ತಾರೆ. ಆಗ ಅದು ಶ್ವಾಸಕೋಶದ ನಾಳಗಳಿಗೂ ಹೋಗುತ್ತದೆ. ಅಲ್ಲಿನ ರಕ್ತದ ಒತ್ತಡ ಬಹಳ ಕಡಿಮೆ. ವಿಶ್ರಾಂತಿಯಲ್ಲಿ ಸರಾಸರಿ ಸುಮಾರು 14 ಮಿ.ಮೀ. ಪಾದರಸ, ಅಷ್ಟೇ.

ಈ ರಿಸೆಪ್ಟರ್‌ಗಳಲ್ಲಿ ಐದು ಬಗೆ. ಡಿ1 ಮತ್ತು ಡಿ5 ಸ್ನಾಯುಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವನ್ನು ಹೆಚ್ಚಿಸುತ್ತವೆ, ನಾಳ ಸಡಿಲವಾಗುತ್ತದೆ. ಡಿ2, ಡಿ3, ಡಿ4 ಅದನ್ನು ಇಳಿಸುತ್ತವೆ. ಡಿ2 ನರದ ತುದಿಯಲ್ಲಿ ಕೂತಿದ್ದರೆ, ನಾಳವನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಹೊರಬರುವುದನ್ನೇ ತಗ್ಗಿಸುತ್ತದೆ. ಹಾಗಾಗಿ ರಿಸೆಪ್ಟರ್ ಇದೆ ಎಂದರೆ ಸಾಲದು. ಒಳಪದರದಲ್ಲೋ, ಮಧ್ಯದ ಸ್ನಾಯುವಿನಲ್ಲೋ, ನರಗಳಿರುವ ಹೊರಪದರದಲ್ಲೋ ಎಂದು ಹೇಳಬೇಕು.

ಡಿ1ರ ಆಂಟಿಬಾಡಿ (ಡಿ1ಕ್ಕೆ ಮಾತ್ರ ಅಂಟಬೇಕಾದ ಪ್ರೋಟೀನ್) ಹಾಕಿ, ಅದಕ್ಕೆ ಹಸಿರು ಡೈ ಸೇರಿಸಿ ನೋಡಿದೆ. ದೊಡ್ಡ ಅಪಧಮನಿಗಳ ಮಧ್ಯದ ಪದರದಲ್ಲಿ ಅಲೆಅಲೆಯಾದ ಹಸಿರು ಗೆರೆಗಳು ಫಳಫಳ ಹೊಳೆದವು. ಎಷ್ಟು ಚೆಂದ! ಎರಡು ತಿಂಗಳು ಅವುಗಳ ಹೊಳಪು ಅಳೆದೆ, ಗ್ರಾಫ್ ಹಾಕಿದೆ. ಫೈಲ್ ತೋರಿಸಿದಾಗ ಮೇಡಂ ಕೇಳಿದ್ದು ಒಂದೇ: "ಏನೂ ಹಾಕದ ಸ್ಲೈಡ್ ಎಲ್ಲಿ?"

ನಾನು ಕಂಟ್ರೋಲ್, ಅಂದರೆ ಹೋಲಿಕೆಗಾಗಿ ಏನೂ ಹಾಕದ ಸ್ಲೈಡ್, ಮಾಡಿದ್ದೆ, ಆದರೆ ಶುರುವಿನಲ್ಲಿ ಒಂದೇ ಸಲ, ಅದೂ ಮೂತ್ರಪಿಂಡದ ಸೆಕ್ಷನ್ (ತೆಳು ಹೋಳು) ಮೇಲೆ. ಅವತ್ತು ಸಂಜೆ ಶ್ವಾಸಕೋಶದ ಸೆಕ್ಷನ್ ಒಂದನ್ನು ಆಂಟಿಬಾಡಿ, ಡೈ ಯಾವುದೂ ಇಲ್ಲದೆ ಮೈಕ್ರೋಸ್ಕೋಪ್‌ಗೆ ಇಟ್ಟೆವು. ಅದೇ ಗೆರೆಗಳು, ಅದೇ ಹಸಿರು.

ಅದು ಎಲಾಸ್ಟಿನ್. ದೊಡ್ಡ ಅಪಧಮನಿಯ ಗೋಡೆಗೆ ಹಿಗ್ಗುವ ಗುಣ ಕೊಡುವ ಈ ಪ್ರೋಟೀನಿನ ಹಾಳೆಗಳು ನೀಲಿ ಬೆಳಕು ಬಿದ್ದರೆ ತಾವೇ ಹಸಿರಾಗಿ ಹೊಳೆಯುತ್ತವೆ. ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶದಲ್ಲಿ ಈ ಹೊಳಪು ಇನ್ನೂ ಜಾಸ್ತಿ. ನಾನು ಅಳೆದದ್ದರಲ್ಲಿ ಎಷ್ಟು ರಿಸೆಪ್ಟರ್, ಎಷ್ಟು ಎಲಾಸ್ಟಿನ್ ಎಂದು ಬೇರ್ಪಡಿಸಲು ದಾರಿಯೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಹಸಿರು ಬಿಟ್ಟು, ಎಲಾಸ್ಟಿನ್ ಅಷ್ಟಾಗಿ ಹೊಳೆಯದ ಕಡುಗೆಂಪಿನ ಡೈ ತೆಗೆದುಕೊಂಡೆವು. ಡಿ1 ಜೀನ್ ತೆಗೆದ ಇಲಿಯ ಅಂಗಾಂಶದ ಮೇಲೂ ಆಂಟಿಬಾಡಿ ಹಾಕಿ ನೋಡಿದೆವು. ಇದನ್ನು ಯಾರೂ ಬಿಡಬಾರದು. ಈ ಕುಟುಂಬದ ರಿಸೆಪ್ಟರ್‌ಗಳ ಆಂಟಿಬಾಡಿಗಳು ಬೇರೆ ಪ್ರೋಟೀನ್‌ಗಳಿಗೂ ಅಂಟುವುದು ತುಂಬ ಸಾಮಾನ್ಯ. ನಾವು ಕೊಂಡ ಎರಡರಲ್ಲಿ ಒಂದು, ಡಿ1 ಇಲ್ಲದ ಆ ಅಂಗಾಂಶಕ್ಕೂ ಅಂಟಿ, ಅಲ್ಲೇ ಸೋತಿತು.

ಜೊತೆಗೆ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಸೇರಿಸಿದ ಎಸ್‌ಸಿಎಚ್ 23390 ಎಂಬ ರಾಸಾಯನಿಕ ಬಳಸಿ ಬೈಂಡಿಂಗ್, ಅಂದರೆ ಅದು ಎಲ್ಲಿ ಅಂಟುತ್ತದೆ ಎಂದು ನೋಡುವ ಪರೀಕ್ಷೆ, ಕೂಡ ಮಾಡಿದೆವು. ಅದು ಡಿ1, ಡಿ5 ಎರಡಕ್ಕೂ ಅಂಟುತ್ತದೆ. ಸೆರೊಟೋನಿನ್‌ನ 2ಎ, 2ಸಿ ರಿಸೆಪ್ಟರ್‌ಗಳಿಗೂ ಸ್ವಲ್ಪ ಅಂಟುತ್ತದೆ. ಶ್ವಾಸಕೋಶದ ನಾಳಗಳಲ್ಲಿ ಸೆರೊಟೋನಿನ್ ರಿಸೆಪ್ಟರ್‌ಗಳು ಇದ್ದೇ ಇವೆ. ಅದಕ್ಕೇ ಕೆಟಾನ್ಸೆರಿನ್ ಎಂಬ ಔಷಧಿ ಹಾಕಿ ಅವನ್ನು ಮೊದಲೇ ಮುಚ್ಚಿದೆವು. ಟ್ರಿಟಿಯಂನ ಗುರುತು ಫಿಲ್ಮ್ ಮೇಲೆ ಮೂಡಲು ವಾರಗಟ್ಟಲೆ ಕಾಯಬೇಕು. ಕಾದೆವು.

ಕೊನೆಗೆ ಮಧ್ಯದ ಪದರದಲ್ಲಿ ಡಿ1 ಉಳಿಯಿತು. ಮಸುಕಾಗಿ, ಅಲೆಅಲೆ ಗೆರೆಗಳಾಗಿ ಅಲ್ಲ, ಆ ಗೆರೆಗಳ ನಡುವಿನ ಸ್ನಾಯುಕೋಶಗಳಲ್ಲಿ. ನನ್ನ ಹಳೆಯ ಚಿತ್ರಗಳಲ್ಲಿ ಅದೇ ಜಾಗ ಕಪ್ಪಾಗಿ ಕಾಣುತ್ತಿತ್ತು.