ಎಷ್ಟು ಲೀಟರಿನ ಪಂಪು ಹಾಕಲಿ ಎಂದು ಕೇಳುವವರಿಗೆ

"ನನ್ನದು ನಾಲ್ಕಡಿ ರೀಫ್ ಟ್ಯಾಂಕು. ಎಷ್ಟು ಲೀಟರಿನ ಪಂಪು ಹಾಕಲಿ?"

ಗಾಜಿನ ತೊಟ್ಟಿಯಲ್ಲಿ ಸಮುದ್ರದ ನೀರು ತುಂಬಿ ಹವಳ ಸಾಕುವುದಕ್ಕೆ ರೀಫ್ ಟ್ಯಾಂಕು ಅನ್ನುತ್ತಾರೆ. ಸಾಕುವವರಿಂದ ಪ್ರಶ್ನೆ ಬರುವುದೇ ಹೀಗೆ. ಟ್ಯಾಂಕಿನ ಎತ್ತರ ಹೇಳುವುದಿಲ್ಲ. ಒಳಗೆ ಯಾವ ಹವಳ ಇದೆ ಎಂಬ ಮಾತೇ ಇಲ್ಲ. ಬಂಡೆಯನ್ನು ಹಿಂಬದಿಯ ಗಾಜಿಗೆ ಒತ್ತಿ ಗೋಡೆಯ ಹಾಗೆ ಪೇರಿಸಿದ್ದಾರೋ, ಬಿಡಿಬಿಡಿ ಗುಡ್ಡೆಗಳಾಗಿ ಇಟ್ಟಿದ್ದಾರೋ ಅದೂ ಗೊತ್ತಿಲ್ಲ. ಒಂದು ಸಂಖ್ಯೆ ಬೇಕು, ಅದೂ ಈಗಲೇ ಬೇಕು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಒಮ್ಮೆ ಬರೆದಿಡುತ್ತೇನೆ.

ಸಂಖ್ಯೆ ಕೊಡದೆ ಬರೀ ಉಪದೇಶ ಮಾಡುತ್ತಾನೆ ಎನ್ನಿಸಿಕೊಳ್ಳುವುದು ಬೇಡ, ಮೊದಲು ಅದನ್ನೇ ಕೊಡುತ್ತೇನೆ. 120 ಸೆಂ.ಮೀ. ಉದ್ದ, 50 ಅಗಲ, 50 ಎತ್ತರದ ಟ್ಯಾಂಕು ಅಂದರೆ 300 ಲೀಟರ್. ಬಂಡೆ, ಮರಳು, ಮೇಲೆ ಬಿಡುವ ಜಾಗ ಕಳೆದರೆ ನಿಜವಾದ ನೀರು 250 ಲೀಟರಿನ ಆಸುಪಾಸು. ಮಶ್ರೂಮ್, ಜೋವಾಂಥಿಡ್, ಲೆದರ್‌ನಂಥ ಮೆತ್ತನೆಯ ಹವಳಗಳಿಗೆ ಗಂಟೆಗೆ ಈ ನೀರಿನ 10ರಿಂದ 20 ಪಟ್ಟು ಓಡಾಟ ಸಾಕು. ಟಾರ್ಚ್, ಹ್ಯಾಮರ್‌ನಂಥ ದೊಡ್ಡ ಪಾಲಿಪ್ಪಿನ (ಹವಳದ ಒಂದೊಂದು ಬಿಡಿ ಜೀವವೇ ಪಾಲಿಪ್) ಹವಳಗಳಿಗೆ 20ರಿಂದ 30. ಅಕ್ರೊಪೋರಾ, ಮಾಂಟಿಪೋರಾದಂಥ ಸಣ್ಣ ಪಾಲಿಪ್ಪಿನ ಗಟ್ಟಿ ಹವಳ ಸಾಕುವವರು 40ರಿಂದ ಶುರುಮಾಡಬೇಕು. ಎಲ್ಲ ಬೆರೆಸಿಟ್ಟ ಟ್ಯಾಂಕಾದರೆ ಗಂಟೆಗೆ 6000ದಿಂದ 7500 ಲೀಟರ್. ಅದಕ್ಕೆ 5000 ಲೀಟರಿನ ಎರಡು ಪಂಪು ತಂದು 60–70 ಶೇಕಡಾ ವೇಗದಲ್ಲಿ ಓಡಿಸಿ. 10,000 ಲೀಟರಿನ ಒಂದೇ ಪಂಪು ಮಾತ್ರ ತರಬೇಡಿ.

ಇಷ್ಟಕ್ಕೇ ಓದು ನಿಲ್ಲಿಸುವವರು ನಿಲ್ಲಿಸಬಹುದು. ಆದರೆ ಆರು ತಿಂಗಳು ಕಳೆದ ಮೇಲೆ "ನೀವು ಹೇಳಿದಷ್ಟೇ ಲೀಟರ್ ಹಾಕಿದ್ದೆ, ಆದರೂ ಕೆಂಪು ಲೋಳೆ ಬಂತು" ಎಂದು ಬರಬೇಡಿ.

ಮೊದಲ ಗೊಂದಲ ಎರಡು ಬಗೆಯ ಪಂಪುಗಳದ್ದು. ಟ್ಯಾಂಕಿನ ಕೆಳಗಿಟ್ಟ ಎರಡನೇ ತೊಟ್ಟಿಯಿಂದ, ಅಂದರೆ ಸಂಪಿನಿಂದ, ನೀರನ್ನು ಮೇಲಕ್ಕೆತ್ತುವುದು ರಿಟರ್ನ್ ಪಂಪು. ಟ್ಯಾಂಕಿನೊಳಗೆ ನೀರನ್ನು ಕದಲಿಸುವುದು ಬೇರೆ ಪಂಪು, ಅದನ್ನು ವೇವ್‌ಮೇಕರ್ ಅನ್ನುತ್ತಾರೆ, ಮೇಲೆ ಕೊಟ್ಟ ಸಂಖ್ಯೆ ಅದರದ್ದು. ರಿಟರ್ನ್ ಪಂಪಿನಿಂದ ಗಂಟೆಗೆ 3ರಿಂದ 5 ಪಟ್ಟು ನೀರು ಬಂದರೆ ಸಾಕು. ಆ ಲೆಕ್ಕವನ್ನು ಪೆಟ್ಟಿಗೆ ನೋಡಿ ಮಾಡಬಾರದು. 3000 ಲೀಟರ್, 3 ಮೀಟರ್ ಎತ್ತರ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ, ಎತ್ತರ ಸೊನ್ನೆಯಾದಾಗ 3000, 3 ಮೀಟರಿಗೆ ಹೋದಾಗ ನೀರು ಸೊನ್ನೆ ಎಂದು ಅರ್ಥ. ಒಂದೂವರೆ ಮೀಟರ್ ಏರಿಸಿ, ಮೂರು ಮೊಣಕೈ ಪೈಪು ದಾಟಿಸಿದರೆ ಕೈಗೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಅನುಮಾನ ಇದ್ದರೆ ರಿಟರ್ನ್ ಪೈಪಿನ ಬಾಯಿಗೆ 10 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿ. 30 ಸೆಕೆಂಡಿಗೆ ತುಂಬಿದರೆ ಗಂಟೆಗೆ 1200 ಲೀಟರ್, 36 ಸೆಕೆಂಡಿಗೆ ತುಂಬಿದರೆ 1000.

ಇನ್ನು ನನಗೆ ನಿಜವಾಗಿ ಸಿಟ್ಟು ಬರಿಸುವ ಆ "ಎಷ್ಟು ಲೀಟರ್". ಹವಳಕ್ಕೆ ಲೀಟರ್ ಗೊತ್ತಿಲ್ಲ. ಅದರ ಮೈಗೆ ತಾಗುವುದು ವೇಗ. ಗಂಟೆಗೆ 2000 ಲೀಟರ್ ಅಂದರೆ ಸೆಕೆಂಡಿಗೆ ಸುಮಾರು 556 ಮಿಲಿಲೀಟರ್. ಇದನ್ನು 2 ಸೆಂ.ಮೀ. ವ್ಯಾಸದ ಮೂತಿಯಿಂದ ಹೊರಡಿಸಿದರೆ ನೀರು ಸೆಕೆಂಡಿಗೆ ಸುಮಾರು 177 ಸೆಂ.ಮೀ. ವೇಗದಲ್ಲಿ ಚಿಮ್ಮುತ್ತದೆ. ಎದುರಿಗೆ ಟಾರ್ಚ್ ಹವಳ ಇದ್ದರೆ ಅದರ ಮಾಂಸ ಎಲುಬಿನಿಂದ ಕಿತ್ತುಬರುತ್ತದೆ. ಅದೇ 2000 ಲೀಟರ್ 6 ಸೆಂ.ಮೀ. ವ್ಯಾಸದ ಪ್ರೊಪೆಲ್ಲರಿನಿಂದ ಹೊರಟರೆ ವೇಗ ಸೆಕೆಂಡಿಗೆ 20 ಸೆಂ.ಮೀ. ಅಷ್ಟೆ. ಅದೇ ಟಾರ್ಚ್ ಆಗ ಹಾಯಾಗಿ ತೂಗುತ್ತದೆ. ಲೀಟರ್ ಒಂದೇ, ಒಂದು ಕೊಲ್ಲುತ್ತದೆ, ಇನ್ನೊಂದು ಸಾಕುತ್ತದೆ. ಪವರ್‌ಹೆಡ್ ಎಂಬ ಹಳೆಯ ಸಣ್ಣ ಮೂತಿಯ ಪಂಪುಗಳನ್ನು ಬಿಟ್ಟು ಎಲ್ಲರೂ ಪ್ರೊಪೆಲ್ಲರ್ ಪಂಪಿಗೆ ಬಂದದ್ದು ಇದಕ್ಕೇ.

ಇನ್ನೊಂದು ಕಡೆಯಿಂದಲೂ ನೋಡಿ. ಮೇಲೆ ಹೇಳಿದ ಟ್ಯಾಂಕಿನ ಅಡ್ಡಕೊಯ್ತ 50 × 50, ಅಂದರೆ 2500 ಚದರ ಸೆಂ.ಮೀ. ಗಂಟೆಗೆ 10,000 ಲೀಟರನ್ನು ಅಷ್ಟಗಲಕ್ಕೂ ಸಮನಾಗಿ ಹಂಚಿದರೆ ಬರುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಬಸವನ ಹುಳುವಿನ ನಡಿಗೆಯನ್ನು ನೆನಪಿಸುವಷ್ಟು. ಆದರೂ ಟ್ಯಾಂಕಿನಲ್ಲಿ ನೀರು ಚೆನ್ನಾಗಿ ಓಡಾಡುತ್ತದಲ್ಲ, ಯಾಕೆ? ಪಂಪಿನಿಂದ ಹೊರಟ ಧಾರೆ ಸುತ್ತಲಿನ ನೀರನ್ನೂ ಎಳೆದುಕೊಂಡು ಹಿಗ್ಗುತ್ತಾ ಹೋಗುತ್ತದೆ. ಎದುರು ಗಾಜಿಗೆ ಬಡಿದು ತಿರುಗಿ ಬರುತ್ತದೆ. ಹೀಗೆ ಕದಲುವ ನೀರು ಪಂಪಿನ ಲೀಟರಿಗಿಂತ ಎಷ್ಟೋ ಪಾಲು ಹೆಚ್ಚು. ಧಾರೆಗೆ ಹಿಗ್ಗಲು ದಾರಿ ಬಿಟ್ಟರೆ ಸಣ್ಣ ಪಂಪೂ ದೊಡ್ಡ ಕೆಲಸ ಮಾಡುತ್ತದೆ. ಒಂದು ಗೇಣು ದೂರದಲ್ಲೇ ಬಂಡೆ ಇಟ್ಟು ಅಡ್ಡಗಟ್ಟಿದರೆ ಎಷ್ಟು ದೊಡ್ಡದು ತಂದರೂ ದಂಡ.

ಯಾವ ಜಾತಿಯ ಪಂಪು ಎನ್ನುವುದಕ್ಕೆ ಚುಟುಕಾಗಿ ಹೇಳುತ್ತೇನೆ. ಟುಂಜೆ ಕಂಪನಿಯದರಂಥ ಪ್ರೊಪೆಲ್ಲರ್ ಪಂಪು ಪೂರ್ತಿ ನೀರಿನೊಳಗೇ ಇರುತ್ತದೆ, ಅಯಸ್ಕಾಂತದಿಂದ ಗಾಜಿಗೆ ಕಚ್ಚಿಕೊಂಡಿರುತ್ತದೆ. ವೋರ್ಟೆಕ್ ಎಂಬ ಪಂಪಿನಲ್ಲಿ ಮೋಟಾರು ಗಾಜಿನ ಹೊರಗೆ, ಪ್ರೊಪೆಲ್ಲರು ಒಳಗೆ. ಒಳಗೆ ವೈರೂ ಇಲ್ಲ, ಮೋಟಾರಿನ ಬಿಸಿಯೂ ಬಹುಪಾಲು ಹೊರಗೇ. ಕೊಳ್ಳುವ ಮುಂಚೆ ನಿಮ್ಮ ಗಾಜಿನ ದಪ್ಪ ಅಳೆಯಿರಿ, ಆ ಮಾದರಿ ಎಷ್ಟು ದಪ್ಪಕ್ಕೆ ಎಂದು ನೋಡಿ. ಜೈರ್ ಪಂಪು ಉದ್ದ ಕೊಳವೆಯ ಹಾಗೆ ಇದ್ದು ಅಗಲವಾದ ನೀರಿನ ಹಾಳೆಯನ್ನೇ ತಳ್ಳುತ್ತದೆ. ಮೇಲ್ಭಾಗದಲ್ಲಿ ಅಡ್ಡಲಾಗಿ ಕೂರಿಸಿದರೆ ಆ ಹಾಳೆ ಎದುರು ಗಾಜಿಗೆ ತಾಗಿ, ಕೆಳಗಿಳಿದು, ಮರಳಿನ ಮೇಲೆ ಹಾಯ್ದು ವಾಪಸು ಬರುತ್ತದೆ. ಉದ್ದನೆಯ ಟ್ಯಾಂಕಿಗೆ ಒಳ್ಳೆಯದು, ಆದರೆ ತೊಳೆಯುವ ಬಿಡಿಭಾಗ ಹೆಚ್ಚು. ಎ.ಸಿ.ಯೋ ಡಿ.ಸಿ.ಯೋ ಎಂದರೆ ಡಿ.ಸಿ. ಅನ್ನುತ್ತೇನೆ. ವೇಗ ಇಳಿಸಬಹುದು, ಆಹಾರ ಹಾಕುವಾಗ ನಿಲ್ಲಿಸಬಹುದು, ಬ್ಯಾಟರಿಗೆ ಜೋಡಿಸುವುದೂ ಸುಲಭ. ಎ.ಸಿ. ಪಂಪನ್ನು ಟೈಮರಿಗೆ ಸಿಕ್ಕಿಸಿ ನಿಮಿಷಕ್ಕೊಮ್ಮೆ ಆರಿಸಿ ಹಚ್ಚುವವರಿದ್ದಾರೆ. ಪ್ರತಿ ಸಲವೂ ಒಳಗೆ ತಿರುಗುವ ರೋಟರ್ ಕಟಕಟ ಎನ್ನುತ್ತಾ ಶುರುವಾಗುತ್ತದೆ, ಬೇಗ ಸವೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. "ನನ್ನ ಟ್ಯಾಂಕಿನಲ್ಲಿ ನೀರು ಎಲ್ಲಿ ನಿಂತಿದೆ?" ಇದನ್ನು ಕೇಳಿದರೆ ಎಷ್ಟು ಹೊತ್ತಾದರೂ ಕೂತು ಉತ್ತರಿಸಬಹುದು. ಹವಳ ಎದ್ದು ಹೋಗಿ ಉಣ್ಣುವ ಜೀವ ಅಲ್ಲ. ಊಟವೂ ಉಸಿರೂ ಹರಿದು ಬರಬೇಕು, ಮೈಮೇಲಿನ ಲೋಳೆ, ಹೊಲಸು ಹರಿದು ಹೋಗಬೇಕು. ಅದರ ಮೈಗೆ ಅಂಟಿದಂತೆ ನೀರಿನದೇ ಒಂದು ತೆಳ್ಳನೆಯ ಪದರ ಕದಲದೆ ನಿಂತಿರುತ್ತದೆ. ಆಮ್ಲಜನಕ, ಕ್ಯಾಲ್ಸಿಯಂ ಎಲ್ಲವೂ ಆ ಪದರವನ್ನು ದಾಟಿಯೇ ಒಳಗೆ ಹೋಗಬೇಕು. ಹಗಲಲ್ಲಿ ಒಡಲೊಳಗಿನ ಪಾಚಿ ಹೆಚ್ಚಾಗಿ ಮಾಡಿದ ಆಮ್ಲಜನಕ ಹೊರಗೆ ಬರುವುದೂ ಅದೇ ದಾರಿಯಲ್ಲಿ. ಹರಿವು ಹೆಚ್ಚಾದಷ್ಟೂ ಪದರ ತೆಳುವಾಗುತ್ತದೆ. ನೀರು ನಿಂತಲ್ಲಿ ಅದು ದಪ್ಪವಾಗುತ್ತದೆ. ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಲೀಟರಿಗೆ 420 ಮಿಲಿಗ್ರಾಂ ತೋರಿಸಿದರೂ ಮೂಲೆಯ ಹವಳ ಸೊರಗುವುದುಂಟು.

ನಿಂತ ಜಾಗ ಹುಡುಕುವುದು ಕಷ್ಟವಲ್ಲ. ರಬ್ಬರ್ ಬುಗ್ಗೆಯ ಉದ್ದ ಪಿಪೆಟ್ ತಗೊಂಡು ಬಂಡೆಯ ಸಂದುಗಳಿಗೆ ನೀರು ಊದಿ. ಗಸಿ ಮೇಲೇಳುತ್ತದೆ. ಪಂಪುಗಳು ಓಡುತ್ತಿರಲಿ, ನೀವು ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಆ ಗಸಿ ಮತ್ತೆ ಎಲ್ಲಿ ಇಳಿದು ಕೂರುತ್ತದೋ ಅದೇ ಮಡು. ಸಾಮಾನ್ಯವಾಗಿ ಬಂಡೆಯ ಹಿಂದೆ, ಇಲ್ಲವೇ ಪಂಪಿನ ನೇರ ಕೆಳಗಿನ ಮೂಲೆಯಲ್ಲಿ. ಕೆಂಪು ಲೋಳೆ, ಅಂದರೆ ಸಯನೋ ಬ್ಯಾಕ್ಟೀರಿಯಾ, ಮೊದಲು ಕಾಣಿಸುವುದೂ ಅಲ್ಲೇ. ಇದಕ್ಕೆ ಮೊದಲ ಮದ್ದು ಬಂಡೆಯನ್ನು ಹಿಂದಿನ ಗಾಜಿನಿಂದ 8–10 ಸೆಂ.ಮೀ. ಮುಂದಕ್ಕೆ ತರುವುದು. ಹೊಸ ಪಂಪಿನ ಮಾತು ಆಮೇಲೆ.

ಎರಡು ಪಂಪನ್ನೂ ಒಂದೇ ಬದಿಯಲ್ಲಿ ಇಡಬೇಡಿ. ಎರಡು ಕಿರುಬದಿಗಳಲ್ಲಿ ಎದುರುಬದುರಾಗಿ, ಮೇಲಿನ ಮೂರನೇ ಒಂದು ಭಾಗದಲ್ಲಿ, ಒಂದನ್ನು ಇನ್ನೊಂದಕ್ಕಿಂತ ತುಸು ಕೆಳಗೆ ಕೂರಿಸಿ ಮುಂದಿನ ಗಾಜಿನ ನಡುಭಾಗಕ್ಕೆ ಓರೆಯಾಗಿ ತಿರುಗಿಸಿ. ಧಾರೆಗಳು ಡಿಕ್ಕಿಯಾದಲ್ಲಿ ದಿಕ್ಕುದಿಕ್ಕಿಗೂ ಒಡೆಯುವ ಹರಿವು ಹುಟ್ಟುತ್ತದೆ, ಹವಳಕ್ಕೆ ಬೇಕಾದದ್ದೇ ಅದು. ನೀರಿನ ಮೇಲ್ಮೈ ಸುಕ್ಕುಗಟ್ಟಬೇಕು, ಆದರೆ ಪಂಪು ಗಾಳಿ ಎಳೆಯಬಾರದು. ಸೊರ್ ಎಂಬ ಸದ್ದು, ಸಣ್ಣ ಗುಳ್ಳೆಗಳ ಮೋಡ ಕಂಡರೆ ಇನ್ನೂ ಕೆಳಗಿಳಿಸಿ. ಮರಳು ಗುಳಿಬಿದ್ದು ತಳದ ಗಾಜು ಕಂಡರೆ ಕೋನ ಮೇಲೆತ್ತಿ. ಸಕ್ಕರೆಯಷ್ಟು ನುಣ್ಣನೆಯ ಮರಳು ಹಾಕಿ ಜೋರು ಹರಿವು ಬೇಕೆಂದರೆ ಎರಡೂ ಆಗದು. 1–2 ಮಿ.ಮೀ. ಕಾಳಿನದು ಹಾಕಿ.

ಆಮೇಲೆ ಹವಳವನ್ನೇ ನೋಡಿ. ಹ್ಯಾಮರ್, ಟಾರ್ಚ್‌ಗಳ ಕೈಗಳು ಬಾಗಬೇಕು, ಬಾಗಿ ಮತ್ತೆ ಎದ್ದು ನಿಲ್ಲಬೇಕು. ಹೊತ್ತುಹೊತ್ತಿಗೂ ಒಂದೇ ಕಡೆ ಒರಗಿದ್ದರೆ, ಎಲುಬಿನ ಅಂಚು ಹಲ್ಲಿನಂತೆ ಹೊರಗೆ ಕಾಣುತ್ತಿದ್ದರೆ, ಆ ದಿನವೇ ವೇಗ ಇಳಿಸಿ. ಅಕ್ರೊಪೋರಾದ ಬುಡದಲ್ಲಿ ಗಸಿ ಕೂತು, ಬುಡದಿಂದ ಮೇಲಕ್ಕೆ ಬೆಳ್ಳಗಾಗುತ್ತಿದ್ದರೆ ಹರಿವು ಸಾಲದೆ ಇರುವ ಸಾಧ್ಯತೆಯನ್ನು ಮೊದಲು ನೋಡಿ. ಅಕ್ರೊಪೋರಾ ಬೆಳೆದ ಹಾಗೆ ಅದರ ಕೊಂಬೆಗಳೇ ಹರಿವಿಗೆ ಬೇಲಿಯಾಗುತ್ತವೆ. ಮೊದಲ ವರ್ಷ ಸರಿಯಿದ್ದ ಪಂಪು ಎರಡನೇ ವರ್ಷಕ್ಕೆ ಸಾಲುವುದಿಲ್ಲ. 60 ಶೇಕಡಾ ಓಡಿಸಿ ಎಂದದ್ದು ಈ ಕಾರಣಕ್ಕೆ, ಉಳಿದ 40 ಮುಂದಿನ ವರ್ಷಗಳದ್ದು.

ಕರೆಂಟು ಹೋದಾಗ ಏನು ಎಂದು ಕೊಳ್ಳುವ ದಿನವೇ ಯೋಚಿಸಿ. 25 ಡಿಗ್ರಿಯ ಸಮುದ್ರದ ನೀರು ಲೀಟರಿಗೆ 7 ಮಿಲಿಗ್ರಾಮಿನಷ್ಟೂ ಆಮ್ಲಜನಕ ಹಿಡಿಯುವುದಿಲ್ಲ. ರಾತ್ರಿಯಾದರೆ ಮೀನು, ಹವಳ, ಪಾಚಿ, ಬ್ಯಾಕ್ಟೀರಿಯಾ ಎಲ್ಲವೂ ಅದನ್ನೇ ಉಸಿರಾಡುತ್ತವೆ. ಒಂದು ಪಂಪಾದರೂ ಬ್ಯಾಟರಿಯ ಮೇಲೆ, ಕಡಿಮೆ ವೇಗದಲ್ಲಿ, ಮೇಲ್ಮೈ ಕಡೆ ಮುಖ ಮಾಡಿ ಓಡುತ್ತಿರಬೇಕು. ಮೊದಲು ಹೇಳಿದ ಟ್ಯಾಂಕಿನಲ್ಲಿ ರಿಟರ್ನ್ ಪೈಪಿನ ಬಾಯಿ 5 ಸೆಂ.ಮೀ. ಆಳದಲ್ಲಿದ್ದರೆ ಪಂಪು ನಿಂತ ಕೂಡಲೇ ಅದೇ ಪೈಪಿನಿಂದ 30 ಲೀಟರ್ ನೀರು ಹಿಂದಕ್ಕೆ ಇಳಿಯುತ್ತದೆ. ನಿಮ್ಮ ಸಂಪಿನಲ್ಲಿ ಅಷ್ಟು ಜಾಗ ಇದೆಯೇ? ನೀರನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಇದೆ ಎನ್ನಬೇಡಿ. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ಮೇಲ್ಮೈಯ ಹತ್ತಿರ ಪೈಪಿಗೆ ಒಂದು ಸಣ್ಣ ತೂತು ಕೊರೆಯಿರಿ, ಗಾಳಿ ಒಳನುಗ್ಗಿ ಇಳಿತ ನಿಲ್ಲುತ್ತದೆ. ಪಾಚಿ ಕಟ್ಟಿ ಆ ತೂತು ಮುಚ್ಚಿಹೋಗದಂತೆ ವಾರಕ್ಕೊಮ್ಮೆ ಹಲ್ಲುಕಡ್ಡಿ ಆಡಿಸಿ.

ಕೊನೆಗೆ "ಪಂಪು ಮೊದಲಿನಷ್ಟು ತಳ್ಳುತ್ತಿಲ್ಲ, ದೊಡ್ಡದು ತರಲೇ" ಎನ್ನುವವರು. ತರಬೇಡಿ, ಬಿಚ್ಚಿ ನೋಡಿ. ಪ್ರೊಪೆಲ್ಲರಿನ ಅಲಗುಗಳ ಮೇಲೆ ನೇರಳೆ ಬಣ್ಣದ ಸುಣ್ಣದ ಹೊಪ್ಪಳೆ, ಜಾಲರಿಯ ಕಿಂಡಿಗಳಲ್ಲಿ ಬೆರಳುಗುರಿಗಿಂತ ಸಣ್ಣ ಕೊಳವೆ ಹುಳುಗಳ ಬಿಳಿ ಸುರುಳಿಗಳು, ರೋಟರ್ ಕೂರುವ ಗುಳಿಯಲ್ಲಿ ಕಂದು ಲೋಳೆ. ಬಿಳಿ ವಿನಿಗರ್ ಒಂದು ಪಾಲು, ನೀರು ಒಂದು ಪಾಲು ಬಕೆಟಿಗೆ ಹಾಕಿ ಪಂಪನ್ನು ಅದರಲ್ಲೇ ಅರ್ಧ ಮುಕ್ಕಾಲು ಗಂಟೆ ಓಡಿಸಿ. ಬುಸುಬುಸು ನೊರೆ ಬಂದು ಸುಣ್ಣ ಮೆತ್ತಗಾಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಬಿಟ್ಟುಬರುತ್ತದೆ. ರೋಟರಿನ ನಡುವಿನ ಪಿಂಗಾಣಿಯ ಕಡ್ಡಿ ಹೊರತೆಗೆಯುವಾಗ ವಾಲಿಸಬೇಡಿ, ಮುರಿಯುತ್ತದೆ. ಅದರ ಎರಡು ತುದಿಯ ರಬ್ಬರ್ ಬುಶ್ಶುಗಳು ಸಿಂಕಿನ ತೂತಿಗೆ ಹೋಗದಂತೆ ಬಟ್ಟಲಲ್ಲಿ ಇಟ್ಟುಕೊಳ್ಳಿ. ರೋಟರಿನ ಅಯಸ್ಕಾಂತ ಉಬ್ಬಿದ್ದರೆ, ಬಿರುಕಿನಲ್ಲಿ ತುಕ್ಕಿನ ಗೆರೆ ಕಂಡರೆ ತೊಳೆದು ಪ್ರಯೋಜನವಿಲ್ಲ, ನೀರಿಗೆ ಲೋಹ ಬಿಡುತ್ತದೆ, ಆ ರೋಟರ್ ಬದಲಿಸಿ. ಹಾಗೇ ವೈರಿನ ಮೇಲೆ ಬೆರಳಾಡಿಸಿ ಎಲ್ಲಾದರೂ ಸಿಪ್ಪೆ ಒಡೆದಿದೆಯೇ ನೋಡಿ. ಪ್ಲಗ್ಗಿಗೆ ಏರುವ ಮುಂಚೆ ವೈರು ಒಮ್ಮೆ ಕೆಳಗಿಳಿದು ತೂಗುವ ಹಾಗಿರಲಿ, ವೈರಿನ ಮೇಲೆ ಹರಿದುಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಮೂರು ತಿಂಗಳಿಗೊಮ್ಮೆ ಹೀಗೆ ತೊಳೆಯಿರಿ. ಎರಡೂ ಪಂಪನ್ನು ಒಂದೇ ದಿನ ತೆಗೆಯಬೇಡಿ. ತೊಳೆದದ್ದನ್ನು ವಾಪಸು ಹಾಕುವಾಗ ಮೊದಲಿನ 60 ಶೇಕಡಾಕ್ಕೇ ನೇರ ಬಿಡಬೇಡಿ, ತೊಳೆದ ಪಂಪಿನ 60 ಬೇರೆಯೇ. 40ಕ್ಕೆ ಇಟ್ಟು, ಎದುರಿನ ಹ್ಯಾಮರ್ ಹೇಗೆ ಬಾಗುತ್ತದೆ ನೋಡಿಕೊಂಡು ಏರಿಸಿ.