ಎರಡನೇ ದಿನದ ಜ್ವರ, ಐದನೇ ದಿನದ ಮಾತು

ಪುಣೆಯ ಆಸ್ಪತ್ರೆಯೊಂದರ ಸರ್ಜಿಕಲ್ ಐಸಿಯುನಲ್ಲಿ ನಾನು ನರ್ಸ್. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ವಿಜಯಪುರದ ಕಡೆಯಿಂದ ಕನ್ನಡ ಬಿಟ್ಟು ಬೇರೆ ಮಾತು ಬಾರದ ಹಿರಿಯರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಆಪರೇಷನ್ ಆದ ಮರುದಿನ ಮೈ ಬಿಸಿಯಾದರೆ ಸಾಕು, ಹೊರಗೆ ಕಾಯುತ್ತಿರುವ ಮಗನೋ ಸೊಸೆಯೋ ಓಡಿ ಬಂದು ಕೇಳುತ್ತಾರೆ: "ಅಕ್ಕಾ, ನಂಜಾಯಿತೇ? ಇನ್ನೂ ಜೋರಾದ ಔಷಧಿ ಕೊಡಬಾರದೇ?"

ಹೊಟ್ಟೆ ಕೊಯ್ದು ಕರುಳು ಜೋಡಿಸಿದರೆ ಒಂದೇ ಒಂದು ರೋಗಾಣು ಇಲ್ಲದಿದ್ದರೂ ದೇಹ ಕೆರಳುತ್ತದೆ. ಮೊದಲ 48 ಗಂಟೆಗಳ ಜ್ವರ ಹೆಚ್ಚಾಗಿ ಈ ಉರಿಯೂತದ್ದೇ. ಉರಿಯೂತ ಎಷ್ಟಿದೆಯೆಂದು ತೋರಿಸುವ ರಕ್ತದ ಸಿಆರ್‌ಪಿ ಎರಡನೇ ಅಥವಾ ಮೂರನೇ ದಿನ ತುದಿ ಮುಟ್ಟುತ್ತದೆ, ಆಮೇಲೆ ಇಳಿಯಬೇಕು. ಹಾಗಾಗಿ ಎರಡನೇ ದಿನದ ದೊಡ್ಡ ಅಂಕಿ ನನ್ನನ್ನು ಅಷ್ಟು ಕಾಡುವುದಿಲ್ಲ. ನಾಲ್ಕನೇ ದಿನವೂ ಅದು ಲೀಟರಿಗೆ 150 ಮಿಲಿಗ್ರಾಂ ಮೇಲೆಯೇ ಕುಳಿತಿದ್ದರೆ, ಕರುಳಿನ ಜೋಡಣೆ ಸೋರುತ್ತಿದೆಯೇ ಎಂದು ನಮ್ಮ ಸರ್ಜನ್ನರು ಯೋಚಿಸತೊಡಗುತ್ತಾರೆ. ಇದಕ್ಕೊಂದು ಅಪವಾದವಿದೆ. ಗಾಯದ ಸುತ್ತ ಚರ್ಮ ಕಪ್ಪಾಗುತ್ತಾ ಬಂದು, ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಹೆಚ್ಚು ನೋವಿದ್ದರೆ ಮೊದಲ ದಿನವೇ ಆದರೂ ತಡಮಾಡುವಂತಿಲ್ಲ. ಕೆಲವು ಸೋಂಕುಗಳು ಗಂಟೆಗಳ ಲೆಕ್ಕದಲ್ಲಿ ಹರಡುತ್ತವೆ.

ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ತನ್ನದೇ ಅಂಗಾಂಗಗಳನ್ನು ಕೆಡಿಸಿಕೊಳ್ಳುವುದೇ ಸೆಪ್ಸಿಸ್ ಎಂದು 2016ರ ವ್ಯಾಖ್ಯಾನ ಹೇಳುತ್ತದೆ. ಹಾಸಿಗೆಯ ಪಕ್ಕದಲ್ಲೇ ನೋಡಬಹುದಾದ ಮೂರು ಲಕ್ಷಣಗಳೂ ಅದರ ಜೊತೆಗೇ ಬಂದವು: ನಿಮಿಷಕ್ಕೆ 22 ಅಥವಾ ಹೆಚ್ಚು ಉಸಿರು, ಮೇಲಿನ ರಕ್ತದೊತ್ತಡ 100 ಅಥವಾ ಕಡಿಮೆ, ಪ್ರಜ್ಞೆಯಲ್ಲಿ ಬದಲಾವಣೆ. ಇವನ್ನಷ್ಟೇ ನಂಬಿ ಕೂರಬಾರದೆಂದು ಸೆಪ್ಸಿಸ್ ಚಿಕಿತ್ಸೆಯ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಎಚ್ಚರಿಸಿದೆ. ಆದರೂ ಉಸಿರನ್ನು ನಾನು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ, ನಾಡಿ ನೋಡುವವಳಂತೆ ಮಣಿಕಟ್ಟು ಹಿಡಿದುಕೊಂಡು; ಎಣಿಸುತ್ತಿದ್ದಾರೆಂದು ತಿಳಿದರೆ ಯಾರ ಉಸಿರೂ ಸಹಜವಾಗಿರುವುದಿಲ್ಲ.

ಮೂರನೆಯ ಲಕ್ಷಣ ನಮ್ಮವರಲ್ಲಿ ಸುಲಭವಾಗಿ ಮರೆಯಾಗಿಬಿಡುತ್ತದೆ. ಜತ್ತ ತಾಲ್ಲೂಕಿನ ರೈತರೊಬ್ಬರಿಗೆ ಕರುಳಿನ ಆಪರೇಷನ್ ಆಗಿತ್ತು. ಐದನೇ ದಿನ ಪಾಳಿ ಬದಲಾಗುವಾಗ ನನಗೆ ಸಿಕ್ಕ ವರದಿ: ಜ್ವರವಿಲ್ಲ, ಶಾಂತವಾಗಿದ್ದಾರೆ, ಭಾಷೆ ತಿಳಿಯುವುದಿಲ್ಲ. ಹಿಂದಿನ ದಿನ ಮೊಮ್ಮಗಳ ಪರೀಕ್ಷೆಯ ಬಗ್ಗೆ ನನ್ನೊಡನೆ ಮಾತನಾಡಿದ್ದ ಮನುಷ್ಯ ಅವರು. "ಅಜ್ಜಾ, ಎಲ್ಲಿದ್ದೀರಿ?" ಎಂದರೆ, "ಎತ್ತು ಬಿಚ್ಚು ತಂಗಿ, ಕತ್ತಲಾಯಿತು" ಎಂದರು. ಉಸಿರು ಎಣಿಸಿದೆ: 26. ರಕ್ತದೊತ್ತಡ ಇನ್ನೂ ಚೆನ್ನಾಗಿತ್ತು, ಆದರೆ ದೇಹ ಸಂಕಟದಲ್ಲಿದ್ದಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟ್ ಏರಿತ್ತು. ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದುಕೊಂಡ ಕೂಡಲೇ ಆಂಟಿಬಯಾಟಿಕ್ ಶುರುವಾಯಿತು. ಸಿಟಿ ಸ್ಕ್ಯಾನ್‌ನಲ್ಲಿ ಸೋರಿಕೆ ಕಂಡಿತು, ಅದೇ ಸಂಜೆ ಮತ್ತೆ ಆಪರೇಷನ್. ಔಷಧಿ ಎಷ್ಟೇ ಜೋರಿದ್ದರೂ ಸೋರುವ ಕರುಳನ್ನು ಮುಚ್ಚಲಾರದು. ಅವರು ಉಳಿದರು. ಆದರೆ ತೊಡೆಯ ಸ್ನಾಯು ಕರಗಿ, ಹಾಸಿಗೆಯ ಅಂಚಿನಲ್ಲಿ ಕೂರುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ಐಸಿಯುನಿಂದ ಹೊರಬಂದವರ ಈ ನಿಶ್ಶಕ್ತಿ ತಿಂಗಳುಗಟ್ಟಲೆ ಇರುತ್ತದೆಂದು ಮನೆಯವರಿಗೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ರೋಗಿಯೇ ಸೋಮಾರಿಯೆಂದು ಬೈಸಿಕೊಳ್ಳುತ್ತಾನೆ.

ಈಗ ಕನ್ನಡದ ರೋಗಿ ಬಂದರೆ ಒಂದು ಹಾಳೆಯನ್ನು ಚಾರ್ಟ್‌ಗೆ ಸಿಕ್ಕಿಸುತ್ತೇನೆ. ಮನೆಯಲ್ಲಿ ಅವರು ಹೇಗೆ ಮಾತನಾಡುತ್ತಾರೆ, ಕಿವಿ ಕೇಳಿಸುತ್ತದೆಯೇ, ಕನ್ನಡಕ ಎಲ್ಲಿದೆ ಎಂಬುದನ್ನು ಮಗಳನ್ನೋ ಮಗನನ್ನೋ ಕೇಳಿ ಅದರಲ್ಲಿ ಬರೆಯುತ್ತೇನೆ. ಕೆಳಗೆ, ಮರಾಠಿ ಮತ್ತು ಮಲಯಾಳಿ ಸಹೋದ್ಯೋಗಿಗಳು ಓದಲೆಂದು ದೇವನಾಗರಿಯಲ್ಲಿ ಕೆಲವು ಕನ್ನಡ ಪ್ರಶ್ನೆಗಳು: ಕಲ್ಲು ನೀರಿನಲ್ಲಿ ತೇಲುತ್ತದೆಯೇ? ಸಮುದ್ರದಲ್ಲಿ ಮೀನು ಇರುತ್ತವೆಯೇ? ಐಸಿಯುಗಳಲ್ಲಿ ಮಂಕು (ಡೆಲಿರಿಯಂ, ಅಂದರೆ ದಿಢೀರನೆ ಕವಿಯುವ ಗೊಂದಲ) ಗುರುತಿಸಲು ಬಳಸುವ ಪ್ರಶ್ನೆಗಳೇ ಇವು. ತಲೆಯಾಡಿಸಿದರೂ ಸಾಕು, ಆದ್ದರಿಂದ ಬಾಯಿಗೆ ಕೊಳವೆ ಹಾಕಿರುವವರನ್ನೂ ಕೇಳಬಹುದು. ಕೇಳುವವರಿಗೆ ಕನ್ನಡ ಬರಲೇಬೇಕೆಂದಿಲ್ಲ.